ಎದೆಯೊಳಗೆ ಬರೆ ಹಾಕಿಸಿಕೊಂಡ ಮೇಲೆ

ಗೋಕಾಕದ ಹೈಸ್ಕೂಲೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಆ ದಿನ ಹಲಗೆಯ ಮೇಲೆ ಲಂಬಕೋನ ತ್ರಿಭುಜ ಬರೆದು ಮಕ್ಕಳ ಕಡೆ ತಿರುಗುವಷ್ಟರಲ್ಲಿ ಎದೆಯೊಳಗೆ ಏನೋ ಜಿಗಿಯಿತು. ಒಂದು ಸಲ ಜಿಗಿದು ಸುಮ್ಮನಾಗಿದ್ದರೆ ಮರೆತುಬಿಡುತ್ತಿದ್ದೆ. ಸುಮ್ಮನಾಗಲಿಲ್ಲ. ಬಲೆಗೆ ಬಿದ್ದ ಮೀನುಗಳೆಲ್ಲ ಒಟ್ಟಿಗೆ ಒದ್ದಾಡಿದ ಹಾಗೆ ಬಡಿಯತೊಡಗಿತು. ಒಂದು ಬಡಿತಕ್ಕೂ ಅದರ ಹಿಂದಿನ ಬಡಿತಕ್ಕೂ ಸಂಬಂಧವೇ ಇಲ್ಲ. ಕುರ್ಚಿ ಹಿಡಿದು ಕುಳಿತೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಟೀಚರ್, ಯಾಕ್ರಿ? ಭಾಳ ಬೆವತೀರಲ್ರಿ."

"ಏನಿಲ್ಲವಾ, ಸೆಕಿ. ನೀವು ಲೆಕ್ಕಾ ಬಿಡಸ್ರಿ," ಎಂದೆ. ಆಗ ಚಳಿಗಾಲ.

ಗಂಟೆ ಹೊಡೆಯುವ ಹೊತ್ತಿಗೆ ಎದೆ ತಾನಾಗಿಯೇ ಸರಿಹೋಗಿತ್ತು. ಅಲ್ಲಿಂದ ಮುಂದೆ ಅದು ಕರೆಯದ ನೆಂಟನಂತೆ ಬಂದು ಹೋಗತೊಡಗಿತು. ಸ್ಟಾಫ್ ರೂಮಿನಲ್ಲಿ ಕೆಲವರು ಪಿತ್ತ ಎಂದರು, ಕೆಲವರು ಗ್ಯಾಸ್ ಎಂದರು. ಮೂಡಲಗಿಯ ನಮ್ಮ ಮನೆಯಲ್ಲಿ ಅತ್ತೆ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ಡಾಕ್ಟರ ಹತ್ತಿರ ಹೋಗಿ ಇಸಿಜಿ ತೆಗೆಸಿದಾಗಲೆಲ್ಲ ನನ್ನ ಎದೆ ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆಯಂತೆ ಬಲು ಶಿಸ್ತಾಗಿರುತ್ತಿತ್ತು.

ಅದು ಸಿಕ್ಕಿಬಿದ್ದದ್ದು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ. ದಿನಾಲೂ ಬೆಳಿಗ್ಗೆ ಮೂಡಲಗಿಯಿಂದ ನಾನೂ ನನ್ನ ಗಂಡನೂ ಒಂದೇ ಬಸ್ಸು ಹತ್ತುತ್ತಿದ್ದೆವು. ಅರಭಾವಿಯ ತೋಟಗಾರಿಕೆ ಕಾಲೇಜಿನ ನರ್ಸರಿಯಲ್ಲಿ ಅವರಿಗೆ ಕೆಲಸ, ಅಲ್ಲಿ ಇಳಿದುಕೊಳ್ಳುತ್ತಿದ್ದರು. ಆ ದಿನ ನಾನು ಗೋಕಾಕದಲ್ಲಿ ಇಳಿದು ಕಾಲು ನೆಲಕ್ಕೆ ಇಡುತ್ತಿದ್ದಂತೆ ಎದೆ ಶುರು ಮಾಡಿತು. ಶಾಲೆಯ ದಾರಿ ಬಿಟ್ಟು ನೇರವಾಗಿ ಎದುರಿನ ದವಾಖಾನೆಗೆ ನಡೆದೆ. ಅಲ್ಲಿನ ಎಳೆ ವಯಸ್ಸಿನ ಡಾಕ್ಟರು ಯಂತ್ರದಿಂದ ಹೊರಬರುತ್ತಿದ್ದ ಕಾಗದ ನೋಡಿ, ಪರೀಕ್ಷೆಯಲ್ಲಿ ಕಾಪಿ ಹಿಡಿದ ಮಾಸ್ತರರಂತೆ ಕುಣಿದಾಡಿದರು.

"ಸಿಕ್ತ ನೋಡ್ರಿ ಟೀಚರ್! ಇದು ಗ್ಯಾಸ್ ಅಲ್ರಿ. ಏಟ್ರಿಯಲ್ ಫಿಬ್ರಿಲೇಷನ್."

ಹೆಸರು ಕೇಳಿ ಹೆದರಿದೆ. ಆದರೆ ಅದಕ್ಕೊಂದು ಹೆಸರಿದೆಯಲ್ಲ ಎಂಬ ಸಮಾಧಾನವೂ ಆಯಿತು. ಹೃದಯದ ಮೇಲಿನ ಕೋಣೆಗಳಿಗೆ ಬೇಡದ ಜಾಗದಿಂದ ಕರೆಂಟು ನುಗ್ಗಿ, ಅವು ಸರಿಯಾಗಿ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತವೆ ಎಂದು ಅವರು ತಿಳಿಸಿ ಹೇಳಿದರು. ಹಾಗೆ ನಡುಗುವಾಗ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಅದಕ್ಕೇ ರಕ್ತ ತೆಳುವಾಗುವ ಗುಳಿಗೆ, ಎದೆಬಡಿತ ನಿಧಾನ ಮಾಡುವ ಗುಳಿಗೆ ಎರಡೂ ಶುರುವಾದವು.

ಗುಳಿಗೆಯ ಮೇಲೆ ಒಂದು ವರ್ಷ ತಳ್ಳಿದೆ. ಎದೆ ನಿಧಾನವಾಯಿತು, ಅದರ ಜೊತೆ ನಾನೂ ನಿಧಾನವಾದೆ. ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಮೇಲಿನ ಸುಭಾಷಿತ ಓದುವವಳಂತೆ ನಟಿಸುತ್ತಿದ್ದೆ. ಅಷ್ಟಾದರೂ ಆ ಒದ್ದಾಟ ಬರುವುದು ತಪ್ಪಲಿಲ್ಲ. ಕೊನೆಗೆ ಬೆಳಗಾವಿಯ ಹೃದಯದ ಡಾಕ್ಟರು ಅಬ್ಲೇಷನ್ ಮಾಡಿಸಿಕೊಳ್ಳಿ ಎಂದರು. ತೊಡೆಯ ಸಂದಿನ ರಕ್ತನಾಳದೊಳಗಿಂದ ತಂತಿಯಂಥ ಸಣ್ಣ ನಳಿಕೆಯನ್ನು ಹೃದಯದವರೆಗೆ ತೂರಿಸಿ, ಬೇಡದ ಕರೆಂಟು ಬರುವ ಜಾಗದ ಸುತ್ತ ಸುಡುತ್ತಾರೆ. ಸುಟ್ಟ ಗಾಯ ಒಣಗಿ ಗಟ್ಟಿಯಾದರೆ ಅದನ್ನು ದಾಟಿ ಕರೆಂಟು ಬರುವುದಿಲ್ಲ. ಇದನ್ನೆಲ್ಲ ಅವರು ಕಾಗದದ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು. ಅವರು ಚಿತ್ರಕಲೆಯಲ್ಲಿ ಅಷ್ಟು ಹುಷಾರಿರಲಿಲ್ಲ. ಹೊರಗೆ ಬಂದ ಮೇಲೆ ನನ್ನ ಗಂಡ ಮೆಲ್ಲಗೆ ಕೇಳಿದರು, "ಅಲ್ಲಾ, ಅವರು ಬದನಿಕಾಯಿ ಯಾಕ ಬರದ್ರು?" ವರ್ಷದ ಮೇಲೆ ನಾನು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಈಗ ಅಪ್ಪನಿಗೆ ಹೇಳಬೇಕಿತ್ತು. ನನ್ನ ತವರು ಹುಕ್ಕೇರಿ ತಾಲ್ಲೂಕಿನಲ್ಲಿ, ಬೆಲ್ಲದ ಬಾಗೇವಾಡಿಯ ಪಕ್ಕದ ಹಳ್ಳಿ. ನಮ್ಮದು ಕುರಿ ಕಾಯುವ ಮನೆತನ. ಅಣ್ಣ ಕುರಿ ಬಿಟ್ಟು ಕಬ್ಬು ಹಚ್ಚಿದ, ನಾನು ಪುಸ್ತಕ ಹಿಡಿದೆ. ಅಪ್ಪ ಮಾತ್ರ ಎಪ್ಪತ್ತು ದಾಟಿದರೂ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂಡಿನ ಹಿಂದೆ ನಡೆಯುವುದನ್ನು ಬಿಟ್ಟಿರಲಿಲ್ಲ. ಅವರಿಗೆ ಮನುಷ್ಯರನ್ನು ಅಳೆಯಲು ಇದ್ದ ಅಳತೆ ಒಂದೇ, ನಡಿಗೆ. "ಅಂವಾ ಹೆಂಗದಾನ?" ಎಂದು ಯಾರನ್ನಾದರೂ ಕೇಳಿದರೆ "ನಡೀತಾನ" ಎನ್ನುತ್ತಿದ್ದರು. ಅಂದರೆ ಚೆನ್ನಾಗಿದ್ದಾನೆ ಎಂದರ್ಥ.

ಅಂಗಳದಲ್ಲಿ ಕುಳಿತು ನಾನು ಕೋಣೆ, ಕರೆಂಟು, ನಳಿಕೆ ಎಂದು ಹೇಳುತ್ತಲೇ ಇದ್ದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು.

"ಅಂದ್ರ ಎದಿಯೊಳಗ ಬರಿ ಹಾಕ್ತಾರು?"

ಅದೇ ಖರೆ. ಕುರಿಗೆ ಕಾಲುನೋವು, ಬಾವು ಬಂದರೆ ನಮ್ಮವರು ಕಾದ ಕಬ್ಬಿಣದಿಂದ ಬರೆ ಎಳೆಯುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೆ.

"ಹೂಂ ಅಪ್ಪಾ. ಬರೀನ."

"ಹಂಗಾರ ಹಾಕಿಸ್ಕೊ. ಅದಕ್ಯಾಕ ಇಷ್ಟ ಪುರಾಣ ಹೇಳಿದಿ?" ಎಂದು ಎದ್ದು ಕುರಿಗಳ ಕಡೆ ಹೋದರು. ಹತ್ತು ಹೆಜ್ಜೆ ಹೋದವರು ತಿರುಗಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ನಿಂತರು.

ಆಪರೇಷನ್ನಿನ ದಿನದ್ದು ನನಗೆ ಹೆಚ್ಚೇನೂ ನೆನಪಿಲ್ಲ. ಮಂಪರು ಹರಿದಾಗ ತೊಡೆಯ ಮೇಲೆ ಪಟ್ಟಿ, ಬಾಯಲ್ಲಿ ಒಣಗಿದ ನಾಲಿಗೆ, ಪಕ್ಕದಲ್ಲಿ ಗಂಡ. ಎರಡೇ ದಿನಕ್ಕೆ ಮನೆಗೆ ಕಳಿಸಿದರು. ಮೊದಲ ಮೂರು ತಿಂಗಳು ಎದೆ ಅಷ್ಟಿಷ್ಟು ತಕರಾರು ಮಾಡಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಾಯ ಮಾಯಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಎರಡು ಮೂರು ಸಲ ಹಾರಿತು, ಆಮೇಲೆ ನಿಂತೇಹೋಯಿತು.

ನಿಂತಿದೆ ಎಂದು ನನಗೆ ಗೊತ್ತಾದದ್ದೇ ತಡವಾಗಿ. ಒಂದು ದಿನ ಶಾಲೆಯಲ್ಲಿ ಮೇಲಿನ ಮಹಡಿಗೆ ಹೋಗಿ, ಹಾಜರಿ ತೆಗೆದುಕೊಂಡು, ಅರ್ಧ ಪಾಠ ಮುಗಿಸಿದ ಮೇಲೆ ಹೊಳೆಯಿತು: ಇವತ್ತು ಮೆಟ್ಟಿಲಲ್ಲಿ ನಾನು ನಿಲ್ಲಲೇ ಇಲ್ಲ! ಸುಭಾಷಿತ ಓದಲೇ ಇಲ್ಲ! ಮಕ್ಕಳ ಮುಂದೆ ಒಬ್ಬಳೇ ನಕ್ಕೆ. ಟೀಚರ್ ತಮ್ಮನ್ನೇ ನೋಡಿ ನಕ್ಕರು ಎಂದುಕೊಂಡು ಅವು ತಾವೂ ನಕ್ಕವು.

ಆ ಕಾಲದಲ್ಲಿ ಕಲಿತ ಒಂದು ಚಟ ಈಗಲೂ ಇದೆ. ಡಾಕ್ಟರು ಮಣಿಕಟ್ಟಿನ ನಾಡಿ ಹಿಡಿದು ನೋಡುವುದನ್ನು ಕಲಿಸಿದ್ದರು. ಎಷ್ಟು ಜೋರು ಬಡಿಯುತ್ತದೆ ಎನ್ನುವುದಕ್ಕಿಂತ ಸಮನಾಗಿ ಬಡಿಯುತ್ತದೆಯೇ ಎಂದು ನೋಡಬೇಕು. ಬಸ್ಸಿನಲ್ಲಿ, ಸಭೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ನನ್ನ ಬಲಗೈ ಬೆರಳುಗಳು ತಾವಾಗಿಯೇ ಎಡಗೈಗೆ ಹೋಗುತ್ತವೆ.

ಮೂರನೇ ವರ್ಷ ಅದು ತಿರುಗಿ ಬಂತು.

ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಅದೇ ಜಿಗಿತ, ಅದೇ ಒದ್ದಾಟ. ಗುರುತು ಹತ್ತದಿರಲು ಸಾಧ್ಯವೇ ಇರಲಿಲ್ಲ. ಹಿಟ್ಟಿನ ಕೈಯಲ್ಲೇ ನಾಡಿ ಹಿಡಿದು ನೋಡಿದೆ. ಹೆಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆಗೆ ಗಂಡ ಒಳಗೆ ಬಂದರು. ನನ್ನ ಮುಖ ನೋಡಿದ್ದೇ ಒಲೆ ಆರಿಸಿದರು.

"ಎಲ್ಲಾ ಹಾಳಾತ್ರಿ," ಎಂದು ಅತ್ತುಬಿಟ್ಟೆ. "ಅಷ್ಟೆಲ್ಲಾ ಮಾಡಿಸ್ಕೊಂಡಿದ್ದ ನೀರಾಗ ಹೋತು."

ಅವರು ಸಮಾಧಾನದ ಮಾತು ಆಡುವವರಲ್ಲ. ನನ್ನ ಕೈಯ ಹಿಟ್ಟು ತೊಳೆದು, ತಾವೇ ಉಳಿದ ರೊಟ್ಟಿ ಮಾಡಲು ನಿಂತರು. ಆಕಾರ ನೋಡಿದರೆ ಭೂಗೋಳ ಕಲಿಸುವವರಿಗೆ ಉಪಯೋಗ ಬೀಳುವಂತಿದ್ದವು. "ಉಣ್ಣು. ನಾಳೆ ಬೆಳಗಾವಿಗೆ ಹೋಗೂನು," ಎಂದರು.

ಬೆಳಗಾವಿಯ ಡಾಕ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಲವರಿಗೆ ಹೀಗಾಗುತ್ತದೆ ಎಂದರು. ಸುಟ್ಟ ಗಾಯದ ಬೇಲಿಯಲ್ಲಿ ಒಂದು ಕಡೆ ಸಂದು ಬಿಟ್ಟು ಅಲ್ಲಿಂದ ಕರೆಂಟು ನುಸುಳುತ್ತಿರಬೇಕು. ಮತ್ತೊಮ್ಮೆ ಒಳಹೋಗಿ ಆ ಸಂದು ಮುಚ್ಚಬಹುದು. ಆಮೇಲೆ ಅವರು ನನ್ನ ತೂಕ ನೋಡಿದರು, ಬಿಪಿ ನೋಡಿದರು. ಇಷ್ಟು ದಿನ ಎದೆ ಸುಮ್ಮನಿತ್ತೆಂದು ಎರಡನ್ನೂ ಮೇಲೇರಲು ಬಿಟ್ಟಿದ್ದೆ.

"ಟೀಚರ್, ನಾವು ಬೇಲಿ ಹಾಕ್ತೀವ್ರಿ. ತೂಕ, ಬಿಪಿ, ನಿದ್ದಿ ಇವು ಸರಿ ಇರದಿದ್ರ ಬೇಲಿ ಹಾರಾಕ ದಾರಿ ಹುಡಕ್ತಾವ," ಎಂದ ಡಾಕ್ಟರು ನನ್ನ ಗಂಡನ ಕಡೆ ತಿರುಗಿದರು. "ಇವರು ಗೊರಕಿ ಹೊಡೀತಾರೇನ್ರಿ?"

ನನ್ನ ಗಂಡ ಇಂಥದೊಂದು ಪ್ರಶ್ನೆಗಾಗಿ ಮದುವೆಯಾದ ದಿನದಿಂದ ಕಾದಿದ್ದರೆಂದು ಕಾಣುತ್ತದೆ. "ಗೊರಕಿ ಏನ್ರಿ ಸರ್! ಅರಭಾವಿಗೆ ಕೇಳಸ್ತೈತಿ," ಎಂದರು. ನಾನು ಕೆಕ್ಕರಿಸಿ ನೋಡಿದೆ. ಡಾಕ್ಟರು ನಗದೆ ಬರೆದುಕೊಂಡರು, ಮೇಲೆ ನಿದ್ದೆಯ ತಪಾಸಣೆಯನ್ನೂ ಮಾಡಿಸಿದರು. ತೂಕ ಇಳಿಸಿ, ದಿನಾ ನಡೆಯಿರಿ, ಬರೀ ಆಪರೇಷನ್ನಿನ ಮೇಲೆ ಭಾರ ಹಾಕಬೇಡಿ ಎಂದು ಎರಡೆರಡು ಸಲ ಹೇಳಿದರು.

ಫೋನಿನಲ್ಲಿ ಅಪ್ಪನಿಗೆ ಹೇಳುವಾಗ ಮತ್ತೆ ಅತ್ತುಬಿಟ್ಟೆ. ಅತ್ತ ಕಡೆಯಿಂದ ಕುರಿಗಳ ದನಿ ಕೇಳುತ್ತಿತ್ತು.

"ಬರಿ ಮಾದ ಮ್ಯಾಲ ನೋವ ತಿರುಗಿ ಬಂದ್ರ ಮತ್ತೊಂದ ಸಲಾ ಹಾಕ್ತೀವಿ. ಅದಕ್ಯಾಕ ಅಳ್ತಿ ನನ್ನವ್ವಾ?" ಎಂದರು ಅಪ್ಪ. "ಇನ್ನ ನಡಿಯೂದು ಅಂದ್ರ, ಡಾಂಬರ ರಸ್ತಾದ ಮ್ಯಾಲ ಹೋಗಿ ಬರೂದ ಏನ್ ನಡಿಗಿ ಅದು? ರವಿವಾರ ಇಲ್ಲಿಗೆ ಬಾ. ಕುರಿ ನಡಸ್ತಾವ."

ಎರಡನೆಯ ಅಬ್ಲೇಷನ್ ಆಗಿ, ಗಾಯ ಮಾದು, ಡಾಕ್ಟರು ಹೂಂ ಎಂದ ಮೇಲೆ ನಾನು ಹಾಗೆಯೇ ಮಾಡಿದೆ. ವಾರದ ದಿನ ಮೂಡಲಗಿಯಲ್ಲೇ ಬೆಳಿಗ್ಗೆ ನಡಿಗೆ. ಭಾನುವಾರ ಮಾತ್ರ ಗೋಕಾಕಕ್ಕೆ ಬಂದು ಅಲ್ಲಿಂದ ಹುಕ್ಕೇರಿ ಕಡೆಯ ಬಸ್ಸು ಹಿಡಿದು ತವರಿಗೆ. ಅಣ್ಣನ ಹೆಂಡತಿ, ನಮ್ಮ ವೈನಿ, ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಅಪ್ಪನ ಹಿಂದೆ, ಅಪ್ಪ ಕುರಿಗಳ ಹಿಂದೆ. ಕುರಿ ಓಡುವುದಿಲ್ಲ, ನಿಲ್ಲುವುದೂ ಇಲ್ಲ. ಅವುಗಳ ಜೊತೆ ನಡೆದವನು ದಣಿಯುವುದಿಲ್ಲ, ಆದರೆ ಸಂಜೆಗೆ ನೋಡಿದರೆ ಎಲ್ಲಿಂದ ಎಲ್ಲಿಗೋ ಬಂದಿರುತ್ತಾನೆ. ಮೊದಮೊದಲು ನಾನು ಹಿಂದೆ ಬೀಳುತ್ತಿದ್ದೆ. ಅಪ್ಪ ತಿರುಗಿ ನೋಡದೆ ತಮ್ಮ ನಡಿಗೆ ಸಣ್ಣದು ಮಾಡುತ್ತಿದ್ದರು, ನನಗೆ ಗೊತ್ತಾಗದಂತೆ. ನನಗೆ ಗೊತ್ತಾಗುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರು ಹಾಗೆ ಮಾಡುವುದು ನಿಂತಿತು.

ತೂಕ ಇಳಿಯಿತು, ಬಿಪಿ ಇಳಿಯಿತು. ಗೊರಕೆಯೂ ಇಳಿಯಿತೆಂದು ಗಂಡ ಹೇಳುತ್ತಾರೆ. ಅದನ್ನು ನಾನು ಸ್ವತಃ ಕೇಳಿಲ್ಲವಾದ್ದರಿಂದ ಏನೂ ಹೇಳಲಾರೆ.

ಹೀಗೆ ಒಂದೆರಡು ವರ್ಷ ಹೋದ ಮೇಲೆ, ಶ್ರಾವಣದ ಒಂದು ಭಾನುವಾರ, ದಿಬ್ಬದ ಮೇಲಿನ ಬೇವಿನ ಮರದ ಕೆಳಗೆ ನಾವಿಬ್ಬರೂ ಊಟಕ್ಕೆ ಕುಳಿತಿದ್ದೆವು. ಜಿಟಿಜಿಟಿ ಮಳೆ. ಊಟ ಮುಗಿಸಿ ನಾನು ಎಂದಿನಂತೆ ನನ್ನ ನಾಡಿ ಹಿಡಿದುಕೊಂಡೆ. ಅಪ್ಪ ನಕ್ಕರು.

"ಏನ್ ಕೇಳಸ್ತೈತಿ ಅದರಾಗ?"

"ನಿಂದೂ ನೋಡ್ತೇನಿ ತಾ," ಎಂದು ಅವರ ಕೈ ಎಳೆದುಕೊಂಡೆ. ಕಂಬಳಿಯ ವಾಸನೆಯ, ಒರಟು ಚರ್ಮದ ಆ ಕೈಯ ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಇಟ್ಟವಳು ತಮಾಷೆ ಮರೆತೆ. ಒಂದು ಬಡಿತ ಬೇಗ, ಇನ್ನೊಂದು ತಡ, ಒಂದು ಜೋರು, ಇನ್ನೊಂದು ಇದ್ದೂ ಇಲ್ಲದಂತೆ. ಕೈ ಬದಲಿಸಿ ನೋಡಿದೆ. ಅದೇ. ನನ್ನ ಎದೆಯ ಭಾಷೆ ಅದು, ನನಗೆ ತಪ್ಪಿಹೋಗುವಂಥದ್ದಲ್ಲ.

"ಅಪ್ಪಾ, ನಿನಗ ಎದಿ ಹಾರಿದಂಗ ಆಗ್ತೈತೇನು? ದಮ್ಮ, ತಲಿ ತಿರುಗೂದು?"

"ಏನೂ ಇಲ್ಲ. ನಡೀತೇನಲ್ಲ?"

"ನಡೀತಿ ಖರೆ. ಆದ್ರ ನನಗಿದ್ದದ್ದ ನಿನಗೂ ಐತಿ. ಡಾಕ್ಟರಗ ತೋರಸಬೇಕು."

ಅಪ್ಪ ಕೈ ಕಿತ್ತುಕೊಂಡರು. ಎದೆ ನೋಯುತ್ತಿಲ್ಲ, ಕಾಲು ನಡೆಯುತ್ತವೆ, ಹೊಟ್ಟೆ ಹಸಿಯುತ್ತದೆ, ಇಂಥವನು ದವಾಖಾನೆಗೆ ಯಾಕೆ ಹೋಗಬೇಕು ಎಂಬುದು ಅವರ ವಾದ. ಗೊತ್ತಾಗದೆ ಇರುವವರಿಗೂ ಲಕ್ವದ ಭಯ ಇದ್ದೇ ಇರುತ್ತದೆ ಎಂಬುದು ನನ್ನ ವಾದ. ಮಳೆ ನಿಂತು ಬಿಸಿಲು ಬಂದರೂ ವಾದ ನಿಲ್ಲಲಿಲ್ಲ. ಕೊನೆಗೆ ಅವರು ನನ್ನನ್ನು ಸೋಲಿಸುವ ದಾರಿ ಸಿಕ್ಕಿತೆಂಬಂತೆ ಹೇಳಿದರು.

"ನಾ ಹೋದ್ರ ಕುರಿ ಯಾರ ಕಾಯ್ತಾರು?"

"ಅಣ್ಣಾ ಕಾಯ್ತಾನ."

"ಅಂವಂಗ ಕಬ್ಬಿನ ಕೆಲಸ ಐತಿ. ನೀ ಕಾಯ್ತಿಯೇನು? ಒಬ್ಬಾಕಿನ? ನೀ ಕಾದ್ರ ನಾ ಹೋಗ್ತೇನಿ."

ನಾನು ಹೆದರಿ ಹಿಂದೆ ಸರಿಯುತ್ತೇನೆಂದು ಅವರ ಎಣಿಕೆ. ನನಗೂ ಒಳಗೊಳಗೆ ಹೆದರಿಕೆಯಾಯಿತು. ಆದರೂ, "ಆತು, ಕಾಯ್ತೇನಿ," ಎಂದುಬಿಟ್ಟೆ. ಮಾತು ಕೊಟ್ಟ ಕುರುಬ ಹಿಂದೆ ಸರಿಯುವ ಹಾಗಿಲ್ಲವಲ್ಲ, ಅಪ್ಪ ಸಿಕ್ಕಿಬಿದ್ದರು.

ನಾನು ರಜೆ ಹಾಕಿದೆ. ಗೊತ್ತು ಮಾಡಿದ ದಿನ ಬೆಳಿಗ್ಗೆ ನನ್ನ ಗಂಡ ಅಪ್ಪನನ್ನು ಬಾಡಿಗೆ ಕಾರಿನಲ್ಲಿ ಬೆಳಗಾವಿಗೆ ಕರೆದುಕೊಂಡು ಹೋದರು. ಅಪ್ಪ ಒಗೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ಮದುವೆಗೆ ಹೊರಟವರಂತೆ ಕಾರು ಹತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆ ಕರಿ ಕುರಿ ಕಳ್ಳೈತಿ, ಅದರ ಮ್ಯಾಲ ಕಣ್ಣಿಡು," ಎಂದರು. ಹಿಂಡಿನಲ್ಲಿ ಅರ್ಧಕ್ಕರ್ಧ ಕರಿಯವೇ.

ಮಧ್ಯಾಹ್ನದವರೆಗೆ ಎಲ್ಲ ಸರಾಗವಾಗಿತ್ತು. ನನಗೆ ಜಂಬವೇ ಬಂದಿತ್ತು. ನಲವತ್ತು ಮಕ್ಕಳ ತರಗತಿ ಆಳುವವಳಿಗೆ ಇದೇನು ಮಹಾ ಎಂದುಕೊಂಡು ಒಂದು ಕಲ್ಲಿನ ಮೇಲೆ ಕುಳಿತು ನೀರು ಕುಡಿದೆ. ಬಾಟಲಿ ಕೆಳಗಿಡುವಷ್ಟರಲ್ಲಿ ಒಂದು ಕರಿ ಕುರಿ, ಅಪ್ಪ ಹೇಳಿದ್ದು ಇದನ್ನೇ ಇರಬೇಕು, ಬದು ಹಾರಿ ಪಕ್ಕದ ಸೋಯಾ ಹೊಲಕ್ಕೆ ಇಳಿಯಿತು. ಒಂದು ಇಳಿದರೆ ಆಯಿತು, ಉಳಿದವಕ್ಕೆ ಅದೇ ಹೆದ್ದಾರಿ.

ನಾನು ಓಡಿದೆ. ಯೋಚನೆ ಮಾಡಿ ಓಡಿದ್ದಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬದು ಹಾರಿ, ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು, ಅಪ್ಪನ ಹಾಗೆ ನಾಲಿಗೆಯಿಂದ ಸದ್ದು ಮಾಡುತ್ತಾ ಹೊಲದ ಆ ತುದಿಗೆ ಓಡಿ ಕುರಿಗಳನ್ನು ಅಡ್ಡಗಟ್ಟಿದೆ. ಅವು ನನ್ನನ್ನು ನೋಡಿ ಈ ಕಡೆಗೆ ಓಡಿದವು. ನಾನು ಈ ಕಡೆಗೆ ಓಡಿ ಬಂದೆ. ಅಷ್ಟರಲ್ಲಿ ಹೊಲದ ಒಡತಿ ದೂರದಿಂದಲೇ ಬೈಯುತ್ತಾ ಬಂದಳು. "ಯಾರದವ ಇವು? ಕಣ್ಣ ಮನ್ಯಾಗ ಬಿಟ್ಟ ಬಂದೀರೇನು, ಹೊಲಕ್ಕ ಕುರಿ ಬಿಟ್ಟೀರಿ?" ಹತ್ತಿರ ಬಂದು ನನ್ನ ಮುಖ ನೋಡಿದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ! ಟೀಚರ್ ಅಲ್ರಿ ನೀವು? ಗೋಕಾಕದಾಗ ನನ್ನ ಮಗಳಿಗೆ ಲೆಕ್ಕಾ ಕಲಿಸಿದೋರು?"

"ಹೌದ್ರಿ," ಎಂದೆ ಏದುಸಿರು ಬಿಡುತ್ತಾ. "ಇವಕ್ಕ ಮಾತ್ರ ಕಲಸಾಕ ಆಗವಲ್ದು."

ಆಕೆ ನಕ್ಕ ನಗೆಗೆ ಕುರಿಗಳೇ ಬೆದರಿದವು. ಇಬ್ಬರೂ ಸೇರಿ ಎರಡೂ ಕಡೆಯಿಂದ ಅಟ್ಟಿ ಹೊರಗೆ ಹಾಕಿದೆವು. ಬೆಳೆಗೆ ಅಷ್ಟೇನೂ ಹಾನಿಯಾಗಿರಲಿಲ್ಲ, ಎರಡು ಸಾಲು ತುಳಿದಿದ್ದವು. ಆಕೆ ನನ್ನ ಚಪ್ಪಲಿಯನ್ನು ಕೆಸರಿನಿಂದ ಕಿತ್ತು ಕೊಟ್ಟು, ತನ್ನ ಬುತ್ತಿಯ ಮಜ್ಜಿಗೆ ಕುಡಿಸಿದಳು.

ಆಗ ನೆನಪಾಯಿತು. ಬದುವಿನ ಮೇಲೆ ನಿಂತು ನಾಡಿ ಹಿಡಿದೆ. ಬಡಿತ ಜೋರಾಗಿತ್ತು, ಓಡಿದರೆ ಯಾರದಾದರೂ ಜೋರಾಗುತ್ತದೆ. ಆದರೆ ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು, ಸಮನಾಗಿ. ಎಷ್ಟು ಹೊತ್ತು ಹಿಡಿದುಕೊಂಡೇ ನಿಂತಿದ್ದೆನೋ. ಬಡಿತ ಮೆಲ್ಲಮೆಲ್ಲಗೆ ಇಳಿಯುವವರೆಗೂ ಆ ಸಮ ತಪ್ಪಲಿಲ್ಲ. ಯಾವ ಇಸಿಜಿ ನೋಡಿದಾಗಲೂ ಆಗದಷ್ಟು ಖುಷಿ ಅಲ್ಲಿ ಆಯಿತು. "ಯಾಕ್ರಿ ಟೀಚರ್, ಕೈ ಉಳುಕ್ಯದೇನ್ರಿ?" ಎಂದು ಆಕೆ ಕೇಳಿದಳು. "ಇಲ್ರಿ, ಎದಿ ಚಲೋ ಐತಿ," ಎಂದೆ. ಆಕೆಗೆ ಏನರ್ಥವಾಯಿತೋ, "ಇರ್ಲಿ ಬಿಡ್ರಿ, ಇನ್ನೊಂದೀಟ ಮಜ್ಜಿಗಿ ಕುಡೀರಿ," ಎಂದಳು.

ಹೊತ್ತು ಇಳಿಯುವಾಗ ಅಪ್ಪ ಬಂದರು. ಕಾರಿನಿಂದ ಇಳಿದವರು ನನ್ನ ಕಡೆ ನೋಡದೆ ಮೊದಲು ಕುರಿಗಳ ನಡುವೆ ಒಂದು ಸುತ್ತು ಹಾಕಿ ಬಂದರು. ಎಲ್ಲ ಇವೆ ಎಂದು ಖಾತ್ರಿಯಾದ ಮೇಲೆ, "ಹೊಟ್ಟಿ ತುಂಬ್ಯಾವ," ಎಂದರು. ಸೋಯಾದ ಮಾತು ನಾನು ತೆಗೆಯಲಿಲ್ಲ, ಅದು ಮರುದಿನ ತಾನಾಗಿಯೇ ಅವರ ಕಿವಿಗೆ ಮುಟ್ಟಿತು.

ಡಾಕ್ಟರು ಹೇಳಿದ್ದನ್ನು ನನ್ನ ಗಂಡ ವಿವರಿಸಿದರು. ಅಪ್ಪನಿಗೂ ಅದೇ ಇದೆ. ಆದರೆ ಅವರಿಗೆ ಅದರಿಂದ ತೊಂದರೆಯೇನೂ ಆಗುತ್ತಿಲ್ಲ, ಹೃದಯದ ಬಲವೂ ಚೆನ್ನಾಗಿದೆ, ವಯಸ್ಸೂ ಆಗಿದೆ. ಆದ್ದರಿಂದ ಸದ್ಯ ಅಬ್ಲೇಷನ್ ಬೇಡ. ಲಕ್ವ ಹೊಡೆಯದಂತೆ ರಕ್ತ ತೆಳುವಾಗುವ ಗುಳಿಗೆ ಮಾತ್ರ ತಪ್ಪದೆ ನುಂಗಬೇಕು, ಮುಳ್ಳು, ಕೊಡಲಿ, ಕುಡಗೋಲಿನ ಹತ್ತಿರ ಜೋಪಾನವಾಗಿರಬೇಕು.

"ನಿನಗ ಬರಿ, ನನಗ ಬರೇ ಗುಳಿಗಿ," ಎಂದರು ಅಪ್ಪ, ಗೆದ್ದವರಂತೆ. ಆಮೇಲೆ ರುಮಾಲು ಬಿಚ್ಚುತ್ತಾ ಹೇಳಿದರು, "ಅಲ್ಲಿ ಇಸಿಜಿ ತಗಿಯೂ ಹುಡುಗ ಕೇಳಿದ, ಇದನ್ನ ಮೊದಲ ಯಾರ ನೋಡಿದ್ರು ಅಂತ. ನನ್ನ ಮಗಳು ಅಂದೆ. ಯಾವ ಊರಾಗ ಡಾಕ್ಟರ ಅದಾರ ಅವರು ಅಂದ. ಲೆಕ್ಕದ ಡಾಕ್ಟರ ಅಂದೆ."

ಆ ಗುಳಿಗೆಯನ್ನು ಅವರು ಇಂದಿಗೂ ತಪ್ಪಿಸಿಲ್ಲ. ನನ್ನದೂ ಒಂದು ಗುಳಿಗೆ ಮುಂದುವರಿದಿದೆ. ಬಿಪಿ ಇರುವುದರಿಂದ ರಕ್ತ ತೆಳುವಾಗುವುದನ್ನು ನಿಲ್ಲಿಸುವುದು ಬೇಡ ಎಂದಿದ್ದಾರೆ. ಎರಡನೆಯ ಬರೆ ಬಿದ್ದ ಮೇಲೆ ವರ್ಷಗಳೇ ಕಳೆದಿವೆ. ವರ್ಷಕ್ಕೊಮ್ಮೆ ಎದೆಗೆ ಹಗಲು ರಾತ್ರಿ ಒಂದು ಸಣ್ಣ ಯಂತ್ರ ಕಟ್ಟಿ ನೋಡುತ್ತಾರೆ. ಎಲ್ಲೋ ಒಮ್ಮೊಮ್ಮೆ, ನಿದ್ದೆಗೆಟ್ಟ ಮರುದಿನವೋ ಜ್ವರ ಬಂದಾಗಲೋ, ಒಂದಷ್ಟು ಬಡಿತ ತಪ್ಪುವುದುಂಟು. ಬಂದಷ್ಟೇ ಬೇಗ ಹೋಗುತ್ತದೆ. ಪೂರ್ತಿ ಗುಣವಾಯಿತೇ ಎಂದು ಕೇಳಿದಾಗ ಡಾಕ್ಟರು, "ಮುಂದ ಏನಂತ ಬರದ ಕೊಡಾಕ ಆಗಂಗಿಲ್ರಿ. ಇಲ್ಲಿತನಾ ಭಾಳ ಚಲೋ ಐತಿ," ಎಂದರು. ಗಣಿತದವಳಾದ ನನಗೆ ಆ ಉತ್ತರ ಹಿಡಿಸಿತು.

ಈಗ ಆ ಡಾಕ್ಟರು ತಿಂಗಳಿಗೊಮ್ಮೆ ಗೋಕಾಕಕ್ಕೇ ಬರುತ್ತಾರೆ. ನಾನೂ ಅಪ್ಪನೂ ಒಂದೇ ದಿನ ತೋರಿಸಿಕೊಳ್ಳುತ್ತೇವೆ. ಕೆಲವು ತಿಂಗಳ ಹಿಂದೆ ಒಂದು ಸಲ ನಮ್ಮ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕುಳಿತಿದ್ದರು. ಗೋಕಾಕದಲ್ಲೇ ಮೊಬೈಲ್ ಅಂಗಡಿ ಇಟ್ಟವರು. ಆಕೆಗೆ ಮುಂದಿನ ತಿಂಗಳು ಅಬ್ಲೇಷನ್. ಮುಖ ಬಾಡಿ ಸುಣ್ಣವಾಗಿತ್ತು.

"ಮಾಡಿಸ್ಕೊಂಡ್ರ ಮತ್ತ ಬರಂಗಿಲ್ಲಲ್ರಿ?" ಎಂದು ನನ್ನನ್ನು ಕೇಳಿದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನಗ ಒಂದ ಸಲಾ ತಿರುಗಿ ಬಂದಿತ್ತವಾ. ಮತ್ತ ಮಾಡಿಸ್ಕೊಂಡೆ. ಆಮ್ಯಾಲ ಚಲೋ ಅದೇನಿ. ಒಂದ ಸಲಕ್ಕ ಮುಗಿದೋರೂ ಭಾಳ ಮಂದಿ ಅದಾರು. ನಿನಗ ಹೆಂಗ ಅಂತ ನನಗ ಗೊತ್ತಿಲ್ಲ. ಆದ್ರ ಹೆದರಬ್ಯಾಡ, ಮಲಗಿ ಏಳೂದ್ರಾಗ ಆಗಿ ಹೋಗ್ತೈತಿ."

ಅಪ್ಪನಿಗೆ ಇಷ್ಟು ಸಾಲಲಿಲ್ಲ. ಆಕೆಯ ಕಡೆ ಬಾಗಿ, "ಇಕೀನ್ನ ನೋಡವಾ ತಂಗಿ. ಸೋಯಾ ಹೊಲದಾಗ ಹೆಂಗ ಓಡ್ಯಾಳ ಅಂದ್ರ, ಊರ ಮಂದಿ ಇನ್ನೂ ಮಾತಾಡ್ತಾರು," ಎಂದು ಆ ಕತೆಯನ್ನು ಶುರು ಮಾಡಿದರು. ಅವರು ಹೇಳುವಾಗ ಹೊಲ ದೊಡ್ಡದಾಗುತ್ತದೆ, ಕೆಸರು ಮೊಣಕಾಲಿಗೆ ಬರುತ್ತದೆ, ನನ್ನ ಎರಡೂ ಚಪ್ಪಲಿ ಕಳೆಯುತ್ತವೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಹೆಸರು ಕರೆದದ್ದು ಕೇಳದೆ ನಮ್ಮ ಪಾಳಿ ತಪ್ಪಿ ಮತ್ತೆ ಕಾಯಬೇಕಾಯಿತು. ಹೊರಡುವಾಗ ಅಪ್ಪ ಆಕೆಗೂ ಹೇಳಿದರು, "ಬರಿ ಮಾದ ಮ್ಯಾಲ ನಮ್ಮ ಕಡೆ ಬಾ. ಕುರಿ ಹಿಂದ ನಡದೀಯಂತ."

ಇಂಥ ಮಾತು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ಹೋದ ಭಾನುವಾರ ದಿಬ್ಬದ ಬುಡದಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಅವರೇ. ಆಕೆಯ ಕೈಯಲ್ಲಿ ಗೋಕಾಕದ ಪ್ರಸಿದ್ಧ ಸಿಹಿ ಕರದಂಟಿನ ಡಬ್ಬಿ, ಕಾಲಲ್ಲಿ ಹೊಳೆಯುವ ಹೊಸ ಶೂ. ಅಬ್ಲೇಷನ್ ಆಗಿ ಮೂರು ತಿಂಗಳು ದಾಟಿತಂತೆ, ಡಾಕ್ಟರು ನಡೆಯಲು ಹೇಳಿದ್ದಾರಂತೆ. ಆಕೆಯ ಗಂಡ ಕುರಿಗಳನ್ನು ಕಂಡು ಸ್ಕೂಟರಿನ ಹಿಂದೆಯೇ ನಿಂತಿದ್ದ.

"ಒದೀತಾವೇನ್ರಿ ಇವು?" ಎಂದು ಕೇಳಿದ.

"ಅವಕ್ಕ ನಿನ್ನಕಿಂತ ಹೆದರಿಕಿ ಜಾಸ್ತಿ. ಬಾರಪ್ಪಾ," ಎಂದರು ಅಪ್ಪ.

ಆಕೆ ಆಗಲೇ ಹಿಂಡಿನ ಹಿಂದೆ ಹೊರಟಿದ್ದಳು. ಕುರಿಯೊಂದು ಮೂಗು ಚಾಚಿ ಅವಳ ಡಬ್ಬಿ ಮೂಸಿತು. ಅವಳು ಅದನ್ನು ತಲೆಯ ಮೇಲೆತ್ತಿ ಹಿಡಿದು ನಗುತ್ತಾ ನಡೆದಳು. ಅಪ್ಪ ತಮ್ಮ ನಡಿಗೆಯನ್ನು ಸಣ್ಣದು ಮಾಡಿದರು.